ಮೀಸೆಯ ಮೇಲೆ ಬಿದ್ದ ಫೋಕಸ್

ಆ ಮನುಷ್ಯನನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವ ಸಂಗತಿಯಲ್ಲಿ ತಪ್ಪು ನನ್ನದು, ಅವರದಲ್ಲ. ಹಾಗಂತ ನನಗೆ ಅವರ ಮೇಲೆ ಪ್ರೀತಿ ಹುಟ್ಟಿತೆಂದು ಯಾರೂ ತಿಳಿಯುವುದು ಬೇಡ.

ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಬುರ್ಖಾ ಅಂಗಡಿಗೂ ಅತ್ತರಿನ ಅಂಗಡಿಗೂ ನಡುವೆ ಒಂದು ಫೋಟೋ ಸ್ಟುಡಿಯೋ. ಅಲ್ಲಿ ನಾನು ಆರು ವರ್ಷ ಕೆಲಸ ಮಾಡಿದೆ. ಸೇರಿದ್ದು ಕಂಪ್ಯೂಟರಿನ ಮುಂದೆ ಕೂರುವ ಕೆಲಸಕ್ಕೆ. ಪಾಸ್‌ಪೋರ್ಟ್ ಫೋಟೋಗಳ ಹಿನ್ನೆಲೆ ಬಿಳಿ ಮಾಡುವುದು, ಮೊಡವೆ ಅಳಿಸುವುದು, ತೀರಿಕೊಂಡವರ ಹಳೇ ಫೋಟೋ ತಂದವರಿಗೆ ಅದನ್ನು ದೊಡ್ಡದು ಮಾಡಿ ಕೊಡುವುದು. ನಮ್ಮ ಮನೆ ಕೆ.ಆರ್. ಪುರದ ಒಂದು ವಠಾರದಲ್ಲಿ. ಸುತ್ತ ಇದ್ದವರೆಲ್ಲ ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರೇ. ಅವ್ವ ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಕಲಬುರಗಿಯ ಓಣಿಯಲ್ಲಿ ಮುಸ್ಲಿಂ ಮನೆಗಳ ನಡುವೆಯೇ ಬೆಳೆದಿದ್ದರಿಂದ ದಖನಿ ಉರ್ದು ನನಗೆ ಸಲೀಸು. ಸ್ಟುಡಿಯೋ ಮಾಲೀಕರು ಅದನ್ನು ಗಮನಿಸಿದರು. ಅವರನ್ನು ಎಲ್ಲರೂ ಭಾಯ್ ಅನ್ನುತ್ತಿದ್ದರು. ಶಿವಾಜಿನಗರ, ಫ್ರೇಜರ್ ಟೌನ್ ಕಡೆಯ ಮದುವೆಗಳಲ್ಲಿ ಹೆಂಗಸರ ಕಡೆ ಫೋಟೋ ತೆಗೆಯಲು ಹೆಂಗಸೇ ಬೇಕು. ಎರಡನೇ ವರ್ಷದಲ್ಲಿ ಭಾಯ್ ನನ್ನ ಕೈಗೆ ಕ್ಯಾಮೆರಾ ಕೊಟ್ಟರು.

ಅವತ್ತಿನಿಂದ ಆ ಮನುಷ್ಯ ನನ್ನ ವೈರಿಯಾದರು. ಸ್ಟುಡಿಯೋದ ಹಿರಿಯ ಫೋಟೋಗ್ರಾಫರ್ ಅವರು, ಹಲಸೂರಿನವರು, ಮನೆಯಲ್ಲಿ ತಮಿಳು. ಭಾಯ್ ಅವರ ತಂದೆಯ ಕಾಲದಲ್ಲಿ, ರೀಲ್ ಕ್ಯಾಮೆರಾ ಇದ್ದಾಗ ಸೇರಿದವರು. ನಾನು ಅವರನ್ನು ಸರ್ ಅನ್ನುತ್ತಿದ್ದೆ. ಅವರು ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ, "ಏ ಗುಲ್ಬರ್ಗಾ" ಅನ್ನುತ್ತಿದ್ದರು. ನಾನು ಮೊದಲ ಮದುವೆಗೆ ಹೊರಟ ಬೆಳಿಗ್ಗೆ ಎಲ್ಲರಿಗೂ ಕೇಳುವ ಹಾಗೆ ಅಂದರು: "ಲೇಡೀಸ್ ಸೈಡ್‌ಗೆ ಫೋಟೋಗ್ರಾಫರ್ ಯಾಕಪ್ಪಾ? ಸೀರೆ ಉಟ್ಟಿರೋ ಯಾರಾದ್ರೂ ಸಾಕು." ನಾನು ಅವತ್ತು ಚೂಡಿದಾರ ಹಾಕಿದ್ದೆ. ಕ್ಯಾಮೆರಾ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟೆ. ಬಸ್ಸಿನಲ್ಲಿ ಕೂತು ಹಲ್ಲು ಕಡಿದೆ.

ನಮ್ಮ ಜಗಳ ಬಾಯಿಂದ ಕ್ಯಾಮೆರಾಕ್ಕೆ ಇಳಿದದ್ದು ಭಾಯ್ ಹೊಸ ಮಿರರ್‌ಲೆಸ್ ಕ್ಯಾಮೆರಾ ತಂದ ಮೇಲೆ. ಸ್ಟುಡಿಯೋಗೆ ಅಂಥದ್ದು ಒಂದೇ. ಬೆಳಿಗ್ಗೆ ಮಸೀದಿಯಲ್ಲಿ ನಿಕಾಹ್ ಅವರು ತೆಗೆಯುತ್ತಿದ್ದರು. ಮಧ್ಯಾಹ್ನ ಹಾಲ್‌ಗೆ ಬಂದು ಕ್ಯಾಮೆರಾ ನನಗೆ ಕೊಟ್ಟು, ತಾವು ಹಳೆಯದನ್ನು ಹಿಡಿದುಕೊಂಡು ಗಂಡಸರ ಕಡೆ ಹೋಗುತ್ತಿದ್ದರು. ಕೊಡುವುದೆಂದರೆ ಕೈಗೆ ಕೊಡುವುದಲ್ಲ. ಹತ್ತಿರದ ಕುರ್ಚಿಯ ಮೇಲೆ ಇಟ್ಟು ಹೋಗುವುದು.

ಅವರಿಗೆ ಒಗ್ಗಿದ್ದು ಸಿಂಗಲ್ ಮೋಡ್, ಒಂದೇ ಚುಕ್ಕೆ. ಆ ಚುಕ್ಕೆಯನ್ನು ಬೇಕಾದ ಮುಖದ ಮೇಲಿಟ್ಟು ಗುಂಡಿ ಅರ್ಧ ಒತ್ತಿದರೆ ಫೋಕಸ್ ಅಲ್ಲೇ ನಿಲ್ಲುತ್ತದೆ. ಆಮೇಲೆ ಮುಖ ಅಲ್ಲಾಡಿದರೆ ಫೋಟೋ ಹೋಯಿತು. ನಾನು ಇಡುತ್ತಿದ್ದದ್ದು ಕಂಟಿನ್ಯೂಯಸ್ ಮೋಡ್. ಅದರಲ್ಲಿ ಫೋಕಸ್ ನಿಲ್ಲುವುದಿಲ್ಲ, ಮನುಷ್ಯ ನಡೆದ ಹಾಗೆ ಅದೂ ಹಿಂದೆಯೇ ನಡೆಯುತ್ತದೆ. ಜೊತೆಗೆ ಮುಖವನ್ನೂ ಕಣ್ಣನ್ನೂ ಕ್ಯಾಮೆರಾವೇ ಹುಡುಕಿಕೊಳ್ಳುವಂತೆ ಮಾಡಿರುತ್ತಿದ್ದೆ. ಮಕ್ಕಳು ಓಡಾಡುವ, ಹೆಂಗಸರು ನಕ್ಕು ಹೊರಳಾಡುವ ಕಡೆ ಅದಿಲ್ಲದೆ ನನಗೆ ಆಗುತ್ತಿರಲಿಲ್ಲ.

"ಫೋಕಸ್ ಎಲ್ಲಿಡ್ಬೇಕು ಅಂತ ಮಷಿನ್‌ನ ಕೇಳೋಳು ಫೋಟೋಗ್ರಾಫರ್ ಅಲ್ಲ, ಆಪರೇಟರ್," ಅನ್ನುತ್ತಿದ್ದರು ಅವರು.

"ನಿಮ್ಮ ಸಿಂಗಲ್‌ನಲ್ಲಿ ತಗ್ದಿದ್ರಲ್ಲ, ಹೋದ್ ಭಾನುವಾರದ್ದು, ಅದ್ರಲ್ಲಿ ಅರ್ಧ ಡಿಲೀಟ್ ಮಾಡ್ದೆ ಸರ್," ಅನ್ನುತ್ತಿದ್ದೆ ನಾನು. ಎಡಿಟಿಂಗ್ ನನ್ನ ಕೈಯಲ್ಲೇ ಇತ್ತಲ್ಲ, ಅವರ ಕೆಟ್ಟ ಫೋಟೋಗಳನ್ನು ನಾನು ಬೇಕೆಂದೇ ದೊಡ್ಡ ಸ್ಕ್ರೀನಿನಲ್ಲಿ ತೆರೆದಿಟ್ಟು ಚಹಾ ಕುಡಿಯಲು ಹೋಗುತ್ತಿದ್ದೆ.

ಹಾಗಾಗಿ ಕ್ಯಾಮೆರಾ ನನ್ನ ಕೈಗೆ ಬಂದಾಗಲೆಲ್ಲ ಸಿಂಗಲ್‌ನಲ್ಲಿರುತ್ತಿತ್ತು. ಅವರ ಕೈಗೆ ಹೋದಾಗಲೆಲ್ಲ ಕಂಟಿನ್ಯೂಯಸ್‌ನಲ್ಲಿರುತ್ತಿತ್ತು. ವಾಪಸ್ ಬದಲಾಯಿಸಿ ಕೊಡಬಹುದಿತ್ತು, ಎರಡು ಗುಂಡಿ ಒತ್ತುವ ಕೆಲಸ. ಇಬ್ಬರೂ ಮಾಡಲಿಲ್ಲ. ಎರಡು ಸಲ ನಾನು ನೋಡದೆ ಶುರು ಮಾಡಿ ಹತ್ತಿಪ್ಪತ್ತು ಫೋಟೋ ಹಾಳು ಮಾಡಿಕೊಂಡೆ. ಎರಡು ಸಲವೂ ಭಾಯ್ ಹತ್ತಿರ ಹೋಗಿ ದೂರು ಹೇಳಿದೆ. ಭಾಯ್ ಇಬ್ಬರನ್ನೂ ಬೈದು ಕಳಿಸಿದರು.

ನಾನು ಹೇಳಹೊರಟ ಮದುವೆ ನಡೆದದ್ದು ಒಂದು ಗುರುವಾರ. ಹುಡುಗಿಯ ಅಪ್ಪನಿಗೆ ಲಕ್ವ ಹೊಡೆದು ವರ್ಷವಾಗಿತ್ತು. ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ, ಮಾತು ತೊದಲುತ್ತಿತ್ತು, ಗಾಲಿ ಕುರ್ಚಿಯಲ್ಲೇ ಇದ್ದರು. ಮನೆಯ ಯಜಮಾನಿಕೆಯೆಲ್ಲ ಹಿರಿಯ ಮಗಳದು. ಶಿವಾಜಿನಗರದಲ್ಲೇ ಅವರ ಹಾರ್ಡ್‌ವೇರ್ ಅಂಗಡಿ ಇತ್ತು, ಅದನ್ನೂ ಅವರೇ ನಡೆಸುತ್ತಿದ್ದರು. ಗಟ್ಟಿ ಹೆಂಗಸು. ಹೆಂಗಸರ ಕಡೆ ಯಾರೂ ಫೋನ್ ತೆಗೆಯಬಾರದೆಂದು ಬಾಗಿಲಲ್ಲೇ ಬುಟ್ಟಿ ಇಟ್ಟು ಎಲ್ಲರ ಫೋನ್ ಹಾಕಿಸಿಕೊಂಡಿದ್ದರು. ನೆಂಟರಲ್ಲಿ ಯಾರೋ ಹಿಂದಿನ ಮದುವೆಯ ಫೋಟೋಗಳನ್ನು ಸ್ಟೇಟಸ್‌ಗೆ ಹಾಕಿ ರಂಪವಾಗಿತ್ತಂತೆ. ವಿಡಿಯೋ ಕೂಡ ಬೇಡ ಅಂದಿದ್ದರು. ಇದ್ದದ್ದು ನಾನೊಬ್ಬಳೇ.

ಇಳಿಹೊತ್ತಿನ ಅಸರ್ ನಮಾಜ್ ಮುಗಿದ ಮೇಲೆ ಹುಡುಗಿಯನ್ನು ಕಳಿಸಿಕೊಡುವ ಹೊತ್ತು. ಹಾಲ್‌ನ ಪಕ್ಕದ ಗೇಟಿನ ಬಳಿ ಕಾರು ನಿಂತಿತ್ತು. ಹುಡುಗಿಗೆ ಕೆಂಪು ದುಪಟ್ಟಾವನ್ನು ಎದೆಯವರೆಗೆ ಇಳಿಬಿಟ್ಟಿದ್ದರು, ಮುಖ ಕಾಣುತ್ತಿರಲಿಲ್ಲ. ಅಪ್ಪನ ಕುರ್ಚಿಯನ್ನು ಕಾರಿನ ಹತ್ತಿರ ತಂದು ನಿಲ್ಲಿಸಿದ್ದರು. ಹುಡುಗಿ ಅವರ ಮುಂದೆ ಬಗ್ಗಿದಳು. ಆಗ ಅಪ್ಪ ಎಡಗೈಯಲ್ಲಿ ಕಾರಿನ ಬಾಗಿಲು ಹಿಡಿದು ಎದ್ದು ನಿಂತುಬಿಟ್ಟರು.

ಯಾರೂ ನಿರೀಕ್ಷಿಸಿರಲಿಲ್ಲ. ಹಿರಿಯ ಮಗಳು ಅಪ್ಪನನ್ನು "ಅಬ್ಬಾ!" ಎಂದು ಕೂಗಿದ್ದು ನೆನಪಿದೆ. ಅವರು ಬಾಗಿಲಿಗೆ ಮೈ ಒರಗಿಸಿ, ಎಡಗೈ ಬಿಡಿಸಿಕೊಂಡು ಮಗಳ ತಲೆಯ ಮೇಲಿಟ್ಟರು. ತಲೆ ಬಗ್ಗಿಸಿ ಮುಖದ ಒಂದು ಬದಿಯನ್ನು ಅವಳ ದುಪಟ್ಟಾದಲ್ಲಿ ಹುದುಗಿಸಿದರು. ಹತ್ತು ಎಣಿಸುವಷ್ಟು ಹೊತ್ತು ಇದ್ದಿರಬಹುದು. ಆಮೇಲೆ ಕಾಲು ನಡುಗಿ ಕುರ್ಚಿಗೆ ಕುಸಿದರು. ನಾನು ಹನ್ನೊಂದು ಫೋಟೋ ತೆಗೆದೆ. ತೆಗೆಯುವಾಗ ನನ್ನ ಕಣ್ಣಲ್ಲೂ ನೀರಿತ್ತು. ಫೋಕಸ್ ಎಲ್ಲಿ ಬಿತ್ತೆಂದು ನೋಡಲಿಲ್ಲ. ಕ್ಯಾಮೆರಾ ನೋಡಿಕೊಳ್ಳುತ್ತದೆ ಅಂದುಕೊಂಡೆ.

ಮರುದಿನ ಸ್ಟುಡಿಯೋದಲ್ಲಿ ತೆರೆದರೆ, ಹನ್ನೊಂದರಲ್ಲೂ ಅಪ್ಪ ಮಗಳು ಮಂಜು ಮಂಜು. ಅವರಿಬ್ಬರ ನಡುವಿನ ಸಂದಿಯಲ್ಲಿ, ಕಾರಿನ ಆಚೆ ಬದಿಯಲ್ಲಿ ನಿಂತಿದ್ದ ಡ್ರೈವರ್ ಮಾತ್ರ ಚೂಪಾಗಿ ಕಾಣುತ್ತಿದ್ದ. ಅವನ ಮೀಸೆಯ ಒಂದೊಂದು ಕೂದಲನ್ನೂ ಎಣಿಸಬಹುದಿತ್ತು.

ತಕ್ಷಣ ಮನಸ್ಸಿಗೆ ಬಂದದ್ದು ಸರ್. ಸಿಂಗಲ್ ಮೋಡ್‌ನಲ್ಲಿ ಇಬ್ಬರನ್ನು ಒಟ್ಟಿಗೆ ತೆಗೆಯುವಾಗ ಹೀಗೇ ಆಗುವುದು. ಚುಕ್ಕೆ ಇಬ್ಬರ ನಡುವಿನ ಸಂದಿಯಲ್ಲಿ ನುಗ್ಗಿ ಹಿಂದೆ ಇರುವುದನ್ನು ಹಿಡಿಯುತ್ತದೆ. ಮತ್ತೆ ಸಿಂಗಲ್‌ನಲ್ಲಿಟ್ಟು ಕೊಟ್ಟಿದ್ದಾರೆ. ಬೇಕೆಂದೇ.

ಮಧ್ಯಾಹ್ನ ನಾನು ಮಧ್ಯದಲ್ಲಿ ಒಂದು ಸಲ ಮೋಡ್ ಬದಲಾಯಿಸಿದ್ದೆನಲ್ಲ, ಅದು ನೆನಪಿರಲಿಲ್ಲವೇ? ನೆನಪಿರಲಿಲ್ಲ ಅಂದರೆ ಸುಳ್ಳು. ನೆನಪಿತ್ತು ಅಂದರೂ ಪೂರ್ತಿ ನಿಜವಲ್ಲ. ಬದಲಾಯಿಸಿದ್ದೆನೋ ಇಲ್ಲವೋ ಎಂಬ ಯೋಚನೆ ಒಂದು ಕ್ಷಣ ಬಂದಿತ್ತು. ಅದನ್ನು ನಾನು ಮುಂದುವರಿಸಲಿಲ್ಲ. ಅವರು ಮಾಡಿದ್ದು ಎಂದಾಗಬೇಕಿತ್ತು ನನಗೆ.

ಹಿರಿಯ ಮಗಳು ಸೋಮವಾರ ಬಂದರು. ಕೂತುಕೊಳ್ಳಲಿಲ್ಲ. "ಅಬ್ಬಾ ಕಾ ಫೋಟೋ ಕಾಂ ಹೈ?" ಎಂದರು, ಅಪ್ಪನ ಫೋಟೋ ಎಲ್ಲಿ ಎಂದು. ನಾನು ತೋರಿಸಿದೆ. ಅವರು ಒಂದೊಂದನ್ನೇ ನೋಡಿದರು. ಐದನೆಯದಕ್ಕೆ ಬಂದು ಸ್ಕ್ರೀನಿನ ಮೇಲೆ ಬೆರಳಿಟ್ಟರು.

"ಇವ್ನು ಯಾರು? ಡ್ರೈವರ್? ನಾನು ಡ್ರೈವರ್ ಫೋಟೋ ತಗಿಯೋಕೆ ನಿಮ್ಮನ್ನ ಕರೆಸಿದ್ನಾ?"

ಭಾಯ್ ಕೌಂಟರಿನಿಂದ ಎದ್ದು ಬಂದರು. ಗಲ್ಲಿಯಲ್ಲಿ ಓಡಾಡುವವರು ನಿಂತು ನೋಡತೊಡಗಿದರು. ಸರ್ ಕೂಡ ಅಲ್ಲೇ ಇದ್ದರು, ಒಳಗಿನ ಬಾಗಿಲ ಬಳಿ, ಲೆನ್ಸ್ ಒರೆಸುತ್ತ.

ನಾನು ಬೆರಳು ತೋರಿಸಿದೆ. "ಇವ್ರನ್ನ ಕೇಳಿ. ಪ್ರತಿ ಸಲ ಸೆಟ್ಟಿಂಗ್ ಬದಲಾಯಿಸಿ ಕೊಡ್ತಾರೆ. ಭಾಯ್‌ಗೂ ಗೊತ್ತು. ನನ್ನ ಕೆಲ್ಸ ಕೆಡ್ಲಿ ಅಂತಾನೇ ಮಾಡ್ತಾರೆ."

"ಏಯ್, ನಾನು ಬೆಳಿಗ್ಗೆ ನನ್ ಕೆಲ್ಸಕ್ಕೆ ಸಿಂಗಲ್‌ಗೆ ಇಟ್ಕೊಂಡೆ. ಆಮೇಲೆ ಮುಟ್ಟೇ ಇಲ್ಲ. ನೋಡ್ಕೊಂಡು ತಗಿಯೋದು ನಿನ್ ಕೆಲ್ಸ," ಎಂದರು ಅವರು.

"ನೋಡಿ, ಇಟ್ಟಿದ್ದು ಒಪ್ಕೊಂಡ್ರು," ಎಂದೆ ನಾನು.

ಹಿರಿಯ ಮಗಳು ಅವರ ಕಡೆ ತಿರುಗಿದರು. ಬಾಯಿಗೆ ಬಂದದ್ದನ್ನೆಲ್ಲ ಅಂದರು. ವಯಸ್ಸಾಗಿದೆ, ನಾಚಿಕೆಯಿಲ್ಲ, ಒಬ್ಬ ಹೆಣ್ಣುಮಗಳ ಮೇಲಿನ ಹೊಟ್ಟೆಕಿಚ್ಚಿಗೆ ನನ್ನ ಅಪ್ಪ ಎದ್ದು ನಿಂತದ್ದನ್ನು ಹಾಳುಮಾಡಿದೆ ಎಂದು. ಗಲ್ಲಿಯಲ್ಲಿದ್ದವರೂ ಒಂದೊಂದು ಮಾತು ಸೇರಿಸಿದರು. ಸರ್ ಎರಡು ಸಲ ಬಾಯಿ ತೆರೆದರು, ಯಾರೂ ಬಿಡಲಿಲ್ಲ. ಕೊನೆಗೆ ಭಾಯ್ ನೆಲ ನೋಡುತ್ತ, "ನಾಳೆಯಿಂದ ಬರ್ಬೇಡಿ," ಎಂದರು. ಅವರು ಲೆನ್ಸನ್ನು ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೋದರು. ನನಗೆ ಖುಷಿಯಾಯಿತು. ಇದನ್ನು ಮುಚ್ಚಿಡುವುದಿಲ್ಲ. ಅವತ್ತು ಸಂಜೆ ಮೆಟ್ರೋದಲ್ಲಿ ಕೆ.ಆರ್. ಪುರದವರೆಗೂ ನಿಂತೇ ಹೋದೆ, ಕಾಲು ನೋಯಲಿಲ್ಲ.

ಎರಡು ವಾರದ ಮೇಲೆ ಹಿರಿಯ ಮಗಳು ಫೋನ್ ಮಾಡಿ, ಈಗೇನೋ ಹೊಸ ಸಾಫ್ಟ್‌ವೇರ್ ಬಂದಿದೆಯಂತೆ, ಮಂಜಾದದ್ದನ್ನೂ ಸರಿಮಾಡುತ್ತಂತೆ, ಒಂದು ಸಲ ನೋಡು ಎಂದರು. ನೋಡಿದೆ. ಅದು ಮಂಜೇನೋ ತೆಗೆಯಿತು, ಆದರೆ ದುಪಟ್ಟಾದಿಂದ ಹೊರಗಿದ್ದ ಅಪ್ಪನ ಅರ್ಧ ಮುಖಕ್ಕೆ ಬೇರೆ ಯಾರದೋ ಮೂಗು, ಬೇರೆ ಯಾರದೋ ತುಟಿ ಅಂಟಿಸಿ ಕೊಟ್ಟಿತು. ಲಕ್ವದಿಂದ ಸೊಟ್ಟಗಾಗಿದ್ದ ಬಾಯಿ ನೆಟ್ಟಗಾಗಿತ್ತು. ಅದನ್ನು ಅಳಿಸಿ, ಮೂಲ ಫೈಲನ್ನೇ ಇನ್ನೊಮ್ಮೆ ನೋಡೋಣ ಎಂದು ಕ್ಯಾಮೆರಾ ಕಂಪನಿಯ ಪ್ರೋಗ್ರಾಮಿನಲ್ಲಿ ತೆರೆದೆ. ಅದರಲ್ಲಿ ಪ್ರತಿ ಫೋಟೋಗೂ ಯಾವ ಮೋಡ್ ಇತ್ತು, ಫೋಕಸ್ ಎಲ್ಲಿ ಬಿದ್ದಿತ್ತು ಎಂಬುದೆಲ್ಲ ದಾಖಲಾಗಿರುತ್ತದೆ.

ಕಂಟಿನ್ಯೂಯಸ್ ಎಂದಿತ್ತು. ಮುಖ ಹುಡುಕುವುದು ಆನ್ ಎಂದಿತ್ತು. ಒಂದು ಸಣ್ಣ ಹಸಿರು ಚೌಕ ಡ್ರೈವರನ ಎಡಗಣ್ಣಿನ ಮೇಲೆ ಕೂತಿತ್ತು. ಮುಂದಿನ ಫೋಟೋದಲ್ಲಿ ಅವನು ತಲೆ ತಿರುಗಿಸಿದ್ದ, ಚೌಕವೂ ಅವನ ಕಣ್ಣಿನ ಜೊತೆಗೇ ತಿರುಗಿತ್ತು. ಹನ್ನೊಂದರಲ್ಲೂ ಹಾಗೆಯೇ. ಹುಡುಗಿಯ ಮುಖ ದುಪಟ್ಟಾದಲ್ಲಿ, ಅಪ್ಪನ ಬಗ್ಗಿದ ಮುಖವೂ ಅರ್ಧ ಅದೇ ದುಪಟ್ಟಾದಲ್ಲಿ. ಮುಖ ಹುಡುಕು ಎಂದು ನಾನು ಹೇಳಿದ್ದೆ. ಅಲ್ಲಿ ಪೂರ್ತಿ ಕಾಣುತ್ತಿದ್ದ ಒಂದೇ ಒಂದು ಮುಖವನ್ನು ಅದು ಹುಡುಕಿ ಹಿಡಿದಿತ್ತು.

ಆ ದಿನದ ಬೇರೆ ಫೋಟೋಗಳನ್ನೂ ತೆರೆದೆ. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಸಿಂಗಲ್ ಹೋಗಿ ಕಂಟಿನ್ಯೂಯಸ್ ಬಂದಿತ್ತು. ಆಗ ಕ್ಯಾಮೆರಾ ನನ್ನ ಕೈಯಲ್ಲಿತ್ತು.

ಭಾಯ್‌ಗೆ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದರು. "ಇರ್ಲಿ ಬಿಡಮ್ಮಾ. ಹೋದವ್ರು ಹೋದ್ರು. ನಮ್ ಅಬ್ಬಾ ಕಾಲದವ್ರು ಅಂತ ನಾನಾಗಿ ಬಿಡಿಸೋಕೆ ಆಗ್ತಿರ್ಲಿಲ್ಲ. ನಿನ್ನಿಂದ ಆಯ್ತು. ಫೈಲ್ ಡಿಲೀಟ್ ಮಾಡು."

ಆ ಮಾತಿಗೆ ನನ್ನ ಮೈ ಉರಿಯಿತು. ಇಷ್ಟು ದಿನ ನಾನು ಗೆದ್ದೆ ಅಂದುಕೊಂಡಿದ್ದೆ. ಭಾಯ್ ತಮಗೆ ಬೇಕಾದ ಕೆಲಸವನ್ನು ನನ್ನ ಬಾಯಿಂದ ಮಾಡಿಸಿಕೊಂಡಿದ್ದರು. ಫೈಲ್ ಅಳಿಸಲಿಲ್ಲ. ಮನೆಗೆ ಬಂದು ಅನ್ನದ ಮುಂದೆ ಸುಮ್ಮನೆ ಕೂತದ್ದು ನೋಡಿ ಅವ್ವ ಕೇಳಿದಳು, "ಯಾಕ ಉಣವಲ್ಲಿ?" ಎಂದು. ಹೇಳಿದೆ. ಅವ್ವ ಸಮಾಧಾನದ ಮಾತೇನೂ ಆಡಲಿಲ್ಲ. "ಮಂದಿ ಮುಂದ ಒಬ್ರ ಮಾನ ಕಳದು ಇಲ್ಲಿ ಕುಂತು ಅನ್ನ ನೋಡಿದ್ರ ಏನ್ ಬಂತು? ಹೋಗಿ ಹೇಳ್ ಬಾ," ಎಂದು ತನ್ನ ತಟ್ಟೆ ತೊಳೆಯಲು ಎದ್ದಳು.

ಭಾನುವಾರ ಹಲಸೂರಿಗೆ ಹೋದೆ. ಕೆರೆಯ ಹಿಂಬದಿಯ ಸಣ್ಣ ಬೀದಿಯಲ್ಲಿ ಸರ್ ಮನೆ. ಲುಂಗಿ ಸುತ್ತಿಕೊಂಡು ಬಾಗಿಲಿಗೆ ಬಂದರು. ಒಳಗೆ ಕರೆಯಲಿಲ್ಲ. ಬಾಗಿಲ ಚೌಕಟ್ಟಿಗೆ ಕೈ ಅಡ್ಡ ಇಟ್ಟುಕೊಂಡು ನಿಂತರು. ನಾನು ಎಲ್ಲ ಹೇಳಿದೆ, ಮೋಡ್, ಚೌಕ, ಸಮಯ. ಲ್ಯಾಪ್‌ಟಾಪ್ ತೆಗೆಯಲು ಹೋದೆ, ತಲೆ ಅಲ್ಲಾಡಿಸಿದರು.

"ನಂಗೇನಕ್ಕೆ ತೋರಿಸ್ತೀಯಾ? ನಾನು ಮಾಡಿಲ್ಲ ಅಂತ ನಂಗೆ ಗೊತ್ತಿಲ್ವಾ?"

"ತಪ್ಪಾಯ್ತು ಸರ್."

"ಅಂಗ್ಡಿಲಿ ಹೇಳೋವಾಗ ಬೀದಿ ಜನ ಪೂರ್ತಿ ಇತ್ತು. ತಪ್ಪಾಯ್ತು ಅನ್ನೋಕೆ ಮಾತ್ರ ನಾನೊಬ್ನೇ ಇರೋ ಜಾಗ ಬೇಕಾ ನಿಂಗೆ?" ಎಂದರು. ದನಿ ಏರಲಿಲ್ಲ. "ಆ ಅಮ್ಮನ ಹತ್ರ ಹೋಗು. ಇಲ್ಲಿಗೆ ಬರ್ಬೇಡ."

ಬಾಗಿಲು ಹಾಕಿಕೊಂಡರು. ಅವರು ಹೇಳಿದ್ದು ಸರಿಯಾಗಿತ್ತು. ಸರಿಯಾಗಿತ್ತೆಂದೇ ಇನ್ನೂ ಸಿಟ್ಟು ಬಂತು. ಇಷ್ಟು ದೂರ ಬಂದವಳಿಗೆ ಒಂದು ಲೋಟ ನೀರು ಕೊಡಲಿಲ್ಲವಲ್ಲ ಎಂದು ಬಸ್ ಸ್ಟಾಪಿನಲ್ಲಿ ನಿಂತು ಅವರನ್ನೇ ಬೈದುಕೊಂಡೆ.

ಮರುದಿನ ಹಿರಿಯ ಮಗಳ ಮನೆಗೆ ಹೋದೆ. ಅಂಗಡಿಯ ಮೇಲೆಯೇ ಮನೆ. ಅವರು ಲ್ಯಾಪ್‌ಟಾಪ್ ನೋಡಿದರು, ಹಸಿರು ಚೌಕ ನೋಡಿದರು, ನಾನು ಹೇಳಿದ್ದನ್ನೆಲ್ಲ ಕೇಳಿದರು. ಆಮೇಲೆ ಲ್ಯಾಪ್‌ಟಾಪನ್ನು ನನ್ನ ಕಡೆ ತಳ್ಳಿದರು.

"ಅಂದ್ರೆ ಆ ವಯಸ್ಸಾದವ್ರಿಗೆ ನಾನು ಬೈದಿದ್ದು ನಿನ್ ಸುಳ್ಳು ಕೇಳಿ."

"ಆಗ ನಂಗೆ..."

"ಮಾತಾಡ್ಬೇಡ. ಫೋಟೋ ಹೋಯ್ತು, ಅದು ನಸೀಬು. ಇದು ನಸೀಬಲ್ಲ. ನೀನು ಮಾಡಿದ್ದು. ಅವ್ರ ನಂಬರ್ ಕೊಡು, ಆಮೇಲೆ ಎದ್ದೋಗು."

ನಂಬರ್ ಬರೆದುಕೊಡುವಾಗ ಒಳಗಿನ ಕೋಣೆಯಿಂದ ಅಪ್ಪ ಏನೋ ಕೇಳಿದರು. ಮಗಳು ಬೇಡ ಅಂದರೂ ಬಿಡಲಿಲ್ಲ. ಕೊನೆಗೆ ನಾನೇ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಅವರ ಮುಂದೆ ಹಿಡಿದೆ. ಅವರು ಮೊದಲು ಡ್ರೈವರನನ್ನು ನೋಡಿದರು, ಎಲ್ಲರ ಕಣ್ಣೂ ಮೊದಲು ಹೋಗುವುದು ಅವನ ಮೇಲೆಯೇ. ಆಮೇಲೆ ಮುಂದಿನ ಮಂಜಿಗೆ ಎಡಗೈ ಬೆರಳಿಟ್ಟು, ತಮ್ಮ ಕಾಲಿನಿಂದ ತಲೆಯವರೆಗೆ ಮೆಲ್ಲಗೆ ಎಳೆದರು. "ಖಡಾ ಸೋ ದಿಕ್ರಾ ನಾ?" ಎಂದರು ತೊದಲುತ್ತ. ನಿಂತದ್ದು ಕಾಣುತ್ತಿದೆಯಲ್ಲ ಎಂದು. ಕಾಣುತ್ತಿದೆ ಎಂದೆ. ಅದೇ ಸಾಕು, ಪ್ರಿಂಟ್ ಹಾಕಿ ಕೊಡು ಎಂದು ಸನ್ನೆ ಮಾಡಿದರು. ಹಿರಿಯ ಮಗಳು ಬಾಗಿಲಲ್ಲಿ ನಿಂತು, "ಬೇರೆ ಕಡೆ ಹಾಕಿಸ್ತೀನಿ ಅಬ್ಬಾ. ಇವಳ ಕೈಯಿಂದ ಬೇಡ," ಎಂದರು.

ಅವರು ಸರ್‌ಗೆ ಫೋನ್ ಮಾಡಿ ಕ್ಷಮೆ ಕೇಳಿದರೆಂದು ಆಮೇಲೆ ಗೊತ್ತಾಯಿತು. ಭಾಯ್‌ಗೂ ಮಾಡಿ ಚೆನ್ನಾಗಿ ಉಗಿದರು. ಭಾಯ್ ನನ್ನ ಮೇಲೆ ಹರಿಹಾಯ್ದರು. "ಡಿಲೀಟ್ ಮಾಡು ಅಂದ್ರೆ ಊರೆಲ್ಲ ತೋರಿಸ್ಕೊಂಡ್ ಬಂದ್ಯಾ? ಅಂಗ್ಡಿ ಮರ್ಯಾದೆ ತಗ್ದೆ." ನಾನೂ ಬಿಡಲಿಲ್ಲ. ಅವರು ಬಾಗಿಲು ಮುಂದೆ ಮಾಡಿ ಆಡಿದ ಮಾತನ್ನು ಗಲ್ಲಿಗೆ ಕೇಳುವಂತೆ ಆಡಿದೆ. ಅವತ್ತೇ ಕೆಲಸ ಬಿಟ್ಟೆ. ಅವರು ಬಿಡಿಸಿದರು ಎಂದರೂ ತಪ್ಪಿಲ್ಲ.

ಈಗ ನಾನು ಇಂದಿರಾನಗರದ ಒಬ್ಬ ಫೋಟೋಗ್ರಾಫರ್ ಜೊತೆ ಮದುವೆಗಳಿಗೆ ಹೋಗುತ್ತೇನೆ. ಕಂಟಿನ್ಯೂಯಸ್ ಮೋಡನ್ನೇ ಇಡುತ್ತೇನೆ, ಅದನ್ನು ಬಿಟ್ಟಿಲ್ಲ. ಮುಸುಕು, ಮದುಮಗನ ಮುಖದ ಮೇಲಿನ ಸೆಹರಾ, ಹೂವಿನ ಪರದೆ ಇರುವ ಕಡೆ ಮಾತ್ರ ಮುಖ ಹುಡುಕುವುದನ್ನು ಆಫ್ ಮಾಡಿ, ಸಣ್ಣ ಚೌಕವನ್ನು ನಾನೇ ಬೆರಳಿನಿಂದ ಸರಿಸಿಕೊಳ್ಳುತ್ತೇನೆ. ಸರ್ ಇದನ್ನು ಕೇಳಿದರೆ ಮೂಗು ಮುರಿದು, ಇದನ್ನೇ ಅಲ್ಲವಾ ನಾನು ಬಡಕೊಂಡದ್ದು ಅನ್ನುತ್ತಾರೆ. ಅವರು ಬಡಕೊಂಡದ್ದು ಇದನ್ನಲ್ಲ. ಒಂದೇ ಚುಕ್ಕೆ, ಒಂದೇ ಸಲ ಅನ್ನುತ್ತಿದ್ದರು. ಅದು ಆಗಲೂ ತಪ್ಪು, ಈಗಲೂ ತಪ್ಪು. ಅವರ ಮುಂದೆ ನಿಂತು ಇದನ್ನು ವಾದಿಸುವ ಹಕ್ಕು ಕಳೆದುಕೊಂಡದ್ದೇ ನನಗೆ ಹೆಚ್ಚು ಉರಿ.

ಕಳೆದ ಚಳಿಗಾಲದಲ್ಲಿ ಬೆನ್ಸನ್ ಟೌನ್‌ನ ಒಂದು ಮನೆಯ ಮದುವೆಯಲ್ಲಿ ಸರ್ ಸಿಕ್ಕರು. ನಾನು ಹುಡುಗಿಯ ಕಡೆಯಿಂದ, ಅವರು ಹುಡುಗನ ಕಡೆಯಿಂದ. ಅಂಗಳದಲ್ಲಿ ಹಾಕಿದ್ದ ವೇದಿಕೆ ಇಕ್ಕಟ್ಟು. ಉಂಗುರ ತೊಡಿಸುವಾಗ ಇಬ್ಬರಿಗೂ ಒಂದೇ ಜಾಗ ಬೇಕಿತ್ತು. ಅವರ ಮೊಣಕೈ ನನ್ನ ಲೆನ್ಸಿಗೆ ತಗುಲಿತು.

"ಸ್ವಲ್ಪ ಜಾಗ ಬಿಡಿ ಸರ್."

"ಬೇಗ ಬಂದು ನಿಂತ್ಕೋಬೇಕಿತ್ತು," ಎಂದರು, ತಿರುಗಿ ನೋಡದೆ.

ಊಟಕ್ಕೆ ಫೋಟೋದವರಿಗೂ ಅಡುಗೆಯವರಿಗೂ ಹಿತ್ತಲಲ್ಲಿ ಒಂದು ಮೇಜು ಹಾಕಿದ್ದರು. ಎಲ್ಲ ಕುರ್ಚಿ ತುಂಬಿತ್ತು. ಅವರ ಪಕ್ಕದ್ದೊಂದು ಖಾಲಿ ಇತ್ತು, ಅದರ ಮೇಲೆ ಅವರ ಕ್ಯಾಮೆರಾ ಬ್ಯಾಗ್. ನಾನು ತಟ್ಟೆ ಹಿಡಿದು ನಿಂತದ್ದನ್ನು ಅವರು ನೋಡಿದರು. ಬ್ಯಾಗ್ ತೆಗೆಯಲಿಲ್ಲ. ತೆಗೆಯಿರಿ ಎಂದು ನಾನು ಕೇಳಲಿಲ್ಲ. ಕೈ ತೊಳೆಯುವ ತೊಟ್ಟಿಯ ಹತ್ತಿರ ನಿಂತು, ಬಿರಿಯಾನಿ ತಣ್ಣಗಾಗುವ ಮೊದಲು ಉಂಡು ಮುಗಿಸಿ ಕೆಲಸಕ್ಕೆ ಹೋದೆ.